ವನಜಾಕ್ಷಿಯ ಬಿಸಿಲು

ನಾನು ಮೊಬೈಲಿನಲ್ಲಿ ಹವಾಮಾನ ನೋಡಿ, ಮೋಡ ನೋಡಿ, ಆಮೇಲೆ ತಾರಸಿಯಲ್ಲಿ ಸಂಡಿಗೆ ಇಡುವವಳು. ಆದರೂ ಪ್ರತಿ ಸಲ ಮಳೆ ಸುರಿದು ಸಂಡಿಗೆ ಮತ್ತೆ ಗಂಜಿಯಾಗುತ್ತದೆ.

ಪಕ್ಕದ ಮನೆಯ ವನಜಾಕ್ಷಿ ಆಕಾಶದ ಕಡೆ ಕತ್ತೆತ್ತಿಯೂ ನೋಡುವುದಿಲ್ಲ. “ಒಳ್ಳೇದನ್ನೇ ಯೋಚಿಸಿದ್ರೆ ಒಳ್ಳೇದೇ ಆಗುತ್ತೆ” ಅನ್ನುತ್ತಾಳೆ. ಅವಳ ಸಂಡಿಗೆಯ ಮೇಲೆ ಇವತ್ತಿನವರೆಗೆ ಒಂದು ಹನಿಯೂ ಬಿದ್ದಿಲ್ಲ. ಅವಳ ಡಬ್ಬಿಯಲ್ಲಿ ಒಣಗಿದ ಸಂಡಿಗೆ ಗಲಗಲ ಎಂದಾಗಲೆಲ್ಲ ನನ್ನ ಹೊಟ್ಟೆ ಉರಿಯುತ್ತದೆ.

ನಿನ್ನೆ ತಡೆಯಲಾರದೆ ಕೇಳಿಯೇಬಿಟ್ಟೆ.

“ಬರೀ ಯೋಚನೆ ಮಾಡಿದ್ರೆ ಬಿಸಿಲು ಬರುತ್ತೇನ್ರೀ? ನಿಜ ಹೇಳಿ.”

“ಯೋಚನೆ ಸಾಲದು, ನಂಬಿಕೆನೂ ಇರಬೇಕು.”

“ಯಾವ ದೇವರ ಮೇಲೆ?”

“ದೇವರ ಮೇಲಲ್ಲ, ನಿಮ್ಮ ಮೇಲೆ ಕಣ್ರೀ. ನೀವು ಸಂಡಿಗೆ ಇಟ್ಟ ದಿನ ನಾನು ಇಡಲ್ಲ.”