ಚಿರತೆಯ ಹೆಸರು

“ಈ ಸಲ ಯಾವಾಗ ಸಾಯ್ತೀರಿ?” ಸಿನಿಮಾ ತೋರಿಸುವ ವಿಡಿಯೊ ಹಾಲ್‌ನ ಬೆಂಚಿನ ಮೇಲೆ ಕೂರುತ್ತಾ ಎಸ್ತೇರಿ ಗಂಡನನ್ನು ಕೇಳಿದಳು. “ಬೇಗ ಸತ್ರೆ ಬೇಗ ಎದ್ದು ಹೋಗಬಹುದು. ಬಾಳೆಕಾಯಿ ಇನ್ನೂ ಬೇಯೋಕೆ ಇಟ್ಟಿಲ್ಲ.”

“ಈ ಸಲ ಸಾಯಲ್ಲ,” ಎಂದ ಸೆಬಗಾಲ.

ಕಂಪಾಲದ ಆ ಕೇರಿಯವರೇ ಸೇರಿ ತೆಗೆದ ಗೂಢಚಾರಿ ಸಿನಿಮಾದ ಎರಡನೆಯ ಭಾಗ ಅದು. ಮೊದಲನೆಯದರಲ್ಲಿ ಸೈಕಲ್ ರಿಪೇರಿಯ ಸೆಬಗಾಲನದು ಕಾವಲುಗಾರನ ಪಾತ್ರ. ಸಿನಿಮಾ ಶುರುವಾಗುತ್ತಲೇ ಗುಂಡು ತಗುಲಿ ಬಿದ್ದವನು, ತಾನು ಸತ್ತಿರುವುದನ್ನು ಮರೆತು ಮೂಗಿನ ಮೇಲಿನ ನೊಣ ಓಡಿಸಿದ್ದ. ಇಡೀ ಹಾಲ್ ನಕ್ಕಿತ್ತು. ಎಲ್ಲರಿಗಿಂತ ಜೋರಾಗಿ ನಕ್ಕವಳು, ಶಾಲೆಯ ಸಮವಸ್ತ್ರದಲ್ಲೇ ಬಂದು ಎಸ್ತೇರಿಯ ಪಕ್ಕ ಕೂತಿದ್ದ ಮಗಳು. ಅವರಿಗಿದ್ದ ಮಗು ಅವಳೊಬ್ಬಳೇ.

ಆ ವರ್ಷದ ಮಳೆಗಾಲದಲ್ಲಿ ಜ್ವರ ಬಂದು ಮಗಳು ಹೋದಳು. ಹೂಳುವ ದಿನ ಸೆಬಗಾಲ ಗುದ್ದಲಿ ಹಿಡಿದು ಬೇರೆ ಗಂಡಸರ ಜೊತೆ ಮಣ್ಣೆಳೆದ. ಅವನ ಕಣ್ಣಲ್ಲಿ ಒಂದು ಹನಿಯೂ ಬರಲಿಲ್ಲ. ಎಸ್ತೇರಿಗೆ ಅದು ಮುಳ್ಳಿನ ಹಾಗೆ ಉಳಿದುಬಿಟ್ಟಿತು. ಅಲ್ಲಿಯ ತನಕ ಮಗಳ ಹೆಸರು ಹಿಡಿದು ‘ಇಂಥವಳ ಅಪ್ಪ’ ಎಂದು ಅವನನ್ನು ಕರೆಯುತ್ತಿದ್ದವಳು ಕರೆಯುವುದನ್ನೇ ಬಿಟ್ಟಳು. ಮಾತಾಡಬೇಕಾದರೆ ಎದುರಿಗೆ ಬಂದು ನಿಂತು ಮಾತಾಡುತ್ತಿದ್ದಳು. ಆ ಹೆಸರು ಮನೆಯಿಂದಲೇ ಹೊರಟುಹೋಯಿತು.

ದೀಪ ಆರಿತು. ಪರದೆಯ ಪಕ್ಕ ಮೈಕ್ ಹಿಡಿದು ನಿಂತು ಕತೆಗೆ ಮಾತು ಸೇರಿಸುವ ಲುಬೆಗ ಶುರುಮಾಡಿದ. “ಚಿರತೆ ಬಂದ್ಲು, ದಾರಿ ಬಿಡ್ರಪ್ಪ. ಆ ಕಳ್ಳ ಮಂತ್ರಿಗೆ ಇವತ್ತು ಊಟ ಸೇರಲ್ಲ.” ಚಿರತೆ ಎಂದರೆ ಗೂಢಚಾರಿಣಿ. ಅವಳ ನಿಜವಾದ ಹೆಸರು ಯಾರಿಗೂ ತಿಳಿಯದು. ಮೊದಲ ಭಾಗದಲ್ಲಿ ಕೇಳಿದವರಿಗೆಲ್ಲ ಒದೆ ಬಿದ್ದಿತ್ತು. ಈ ಸಲ ಅವಳು ತಗಡಿನ ಮಾಡಿನಿಂದ ಮಾಡಿಗೆ ಹಾರಿದಳು, ಮೋಟಾರ್ ಸೈಕಲ್ಲಿನಲ್ಲಿ ಚರಂಡಿ ದಾಟಿದಳು. ಎಸ್ತೇರಿಯ ಮಡಿಲಲ್ಲಿದ್ದ ಹುರಿದ ಕಡಲೆಬೀಜ ಹಾಗೆಯೇ ಉಳಿಯಿತು.

“ಪರವಾಗಿಲ್ವಲ್ಲ,” ಎಂದಳು. “ಹೋದ ಸಲದ ಹಾಗಿಲ್ಲ.”

ಸೆಬಗಾಲ ಎದ್ದು ನಿಂತ. “ನಾನು ಹೊರಗಿರ್ತೀನಿ.”

“ನಿಮ್ಮ ಪಾತ್ರವೇ ಇನ್ನೂ ಬಂದಿಲ್ವಲ್ಲ?”

“ಬರುತ್ತೆ. ನೀನು ನೋಡು.”

ಪರದೆಯ ಮೇಲೆ ಗುಂಡೇಟು ತಿಂದ ಚಿರತೆ ತನ್ನ ಅಪ್ಪನ ಮನೆಯ ತನಕ ತೆವಳಿ ಬಂದು ಹೊಸ್ತಿಲಲ್ಲಿ ಬಿದ್ದಳು. ಬಾಗಿಲು ತೆರೆಯಿತು. ತೆರೆದವನು ಸೆಬಗಾಲ. ಅವನು ಕೂಗಲಿಲ್ಲ, ಎದೆ ಬಡಿದುಕೊಳ್ಳಲಿಲ್ಲ. ನೆಲದ ಮೇಲೆ ಕೂತು ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ಹಣೆಯ ಧೂಳನ್ನು ಹೆಬ್ಬೆರಳಿನಿಂದ ಒರೆಸಿದ.

“ನೋಡಿ ನಮ್ಮ ನೊಣದ ಕಾವಲುಗಾರ—” ಎಂದು ಶುರುಮಾಡಿದ ಲುಬೆಗ ಅಲ್ಲಿಗೇ ನಿಲ್ಲಿಸಿದ.

“ನಕಿವಾಲ,” ಎಂದ ಪರದೆಯ ಮೇಲಿನ ಸೆಬಗಾಲ. “ನಕಿವಾಲ, ಏಳಮ್ಮ. ಹೊತ್ತಾಯ್ತು, ಏಳು.”

ಆಮೇಲೆ ಅತ್ತ. ಮುಖ ಸೊಟ್ಟಗಾಯಿತು, ಮೂಗು ಸುರಿಯಿತು. ಸಿನಿಮಾದಲ್ಲಿ ಯಾರೂ ಹಾಗೆ ಅಳುವುದಿಲ್ಲ. ಎಸ್ತೇರಿ ಬಾಯಿಗೆ ಕೈ ಒತ್ತಿಕೊಂಡಳು. ಅದು ಅವರ ಮಗಳ ಹೆಸರು.

ಹಿಂದಿನ ಬೆಂಚಿನಲ್ಲಿ ಯಾರೋ ಪಿಸುಗುಟ್ಟಿದರು. “ಕೇಳಿದ್ಯಾ, ಚಿರತೆ ಹೆಸರು ನಕಿವಾಲ ಅಂತೆ.” ಮಾತು ಬೆಂಚಿನಿಂದ ಬೆಂಚಿಗೆ ಹಬ್ಬಿತು. ಲುಬೆಗ ಮೈಕನ್ನು ಮತ್ತೆ ಬಾಯಿಗೆ ತಂದು ಮೆಲ್ಲಗೆ ಹೇಳಿದ, “ಎರಡು ಸಿನಿಮಾ ಕಾದ್ವಿ. ಕೊನೆಗೆ ಅಪ್ಪನೇ ಬಾಯಿಬಿಟ್ಟ ನೋಡಿ.” ಇಡೀ ಹಾಲ್ ಚಪ್ಪಾಳೆ ತಟ್ಟಿತು.

ಸೆಬಗಾಲ ಹೊರಗೆ ಹಲಸಿನ ಮರದ ಕೆಳಗೆ ನಿಂತಿದ್ದ. ಎಸ್ತೇರಿ ಬಂದು ಎದುರು ನಿಂತಳು.

“ಕಣ್ಣಿಗೆ ಈರುಳ್ಳಿ ಹಚ್ಚಿದ್ರಾ?”

“ತಂದಿದ್ರು. ಬೇಡ ಅಂದೆ.”

“ಹೆಸರು?”

“ಅವರು ಬರೆದಿದ್ದು ಬೇರೆ ಏನೋ. ಬಾಯಿಗೆ ಬಂದಿದ್ದು ಇದು. ಇನ್ನೊಂದ್ಸಲ ಸರಿಯಾಗಿ ಮಾಡಿ ಅಂದ್ರು, ಆಗಲ್ಲ ಅಂದೆ. ಹಾಗೇ ಇಟ್ಕೊಂಡ್ಬಿಟ್ರು.” ನೆಲ ನೋಡುತ್ತಾ ಅಂದ, “ನಿನ್ನ ಒಂದ್ಮಾತು ಕೇಳ್ಬೇಕಿತ್ತು.”

“ಹೂಳೋ ದಿನ ಎಲ್ಲಿತ್ತು ಈ ಅಳು?”

“ಅವತ್ತು ಗುದ್ದಲಿ ಹಿಡ್ಕೊಂಡಿದ್ದೆ, ಎಸ್ತೇರಿ. ಅದನ್ನ ಬಿಟ್ಟಿದ್ರೆ ನಾನೂ ಅವಳ ಜೊತೆ ಒಳಗೆ ಇಳೀತಿದ್ದೆ.”

ಅವಳು ಅವನ ಮುಷ್ಟಿ ಬಿಡಿಸಿ, ಕಡಲೆಬೀಜದ ಪೊಟ್ಟಣವನ್ನು ಅಂಗೈಯಲ್ಲಿಟ್ಟಳು. “ತಿನ್ನಿ, ನಕಿವಾಲನ ಅಪ್ಪ,” ಎಂದಳು. “ಬೆಳಗಿಂದ ಏನೂ ತಿಂದಿಲ್ಲ ನೀವು.”

ಮರುದಿನ ಸಂಜೆ ಸೆಬಗಾಲ ಸೈಕಲ್ ಒಂದನ್ನು ತಲೆಕೆಳಗು ನಿಲ್ಲಿಸಿ ಚಕ್ರ ತಿರುಗಿಸುತ್ತಿದ್ದ. ಎಸ್ತೇರಿ ಬಾಗಿಲಲ್ಲಿ ಕೂತು ಬಾಳೆಕಾಯಿ ಹೆರೆಯುತ್ತಿದ್ದಳು. ಓಣಿಯಲ್ಲಿ ಮಕ್ಕಳ ಗೂಢಚಾರಿ ಆಟ. ಕೋಲಿನ ಬಂದೂಕು ಹಿಡಿದ ಪುಟ್ಟ ಹುಡುಗಿಯೊಬ್ಬಳು ಗುಂಡು ತಗುಲಿ ಧೂಳಿನಲ್ಲಿ ಉದ್ದಕ್ಕೆ ಬಿದ್ದಳು. ಉಳಿದವರು ಸುತ್ತ ಮುತ್ತಿಕೊಂಡು ಕೂಗತೊಡಗಿದರು. “ನಕಿವಾಲ, ಏಳು. ಏಳು ನಕಿವಾಲ.”

ಎಸ್ತೇರಿಯ ಚಾಕು ನಿಂತಿತು. ಸೆಬಗಾಲ ತಲೆ ಎತ್ತಿದ.

ಹುಡುಗಿ ಎದ್ದಳು. ಲಂಗದ ಧೂಳು ಕೊಡವಿಕೊಂಡು, ನಗುತ್ತಾ, ಓಣಿಯ ತಿರುವಿನ ಆಚೆ ಓಡಿಹೋದಳು.