ಜಾಡಿಯಲ್ಲಿಟ್ಟ ದನಿ

ಬೆಳಿಗ್ಗೆ ನಾನು ಸದ್ದಿಲ್ಲದೆ ಗಾಜಿನ ಜಾಡಿಗಳನ್ನು ಒರೆಸುತ್ತಿದ್ದೆ. ಚುನಾವಣೆಯಲ್ಲಿ ಗೆದ್ದ ಸೆನೆಟರುಗಳ ದನಿಯನ್ನು ನಮ್ಮ ಯಜಮಾನರು ಓಹಾಯೋದ ಈ ಬಂಗಲೆಯಲ್ಲಿ, ಜಾಡಿಗಳಲ್ಲಿ ತುಂಬಿ ಮುಚ್ಚಳಕ್ಕೆ ಬೀಗ ಹಾಕಿಡುತ್ತಾರೆ. ಸೆನೆಟ್ ಸಭೆಯ ದಿನ ಅವರವರಿಗೆ ಕೊಟ್ಟು, ಸಂಜೆ ವಾಪಸು ಪಡೆಯುತ್ತಾರೆ.

“ಓಟು ಹಾಕಿದ್ದೂ ನೀನೇ, ಧೂಳು ಒರೆಸೋದೂ ನೀನೇ ಕಣೆ,” ಎಂದು ಅಡುಗೆಯ ಗಿರಿಜಕ್ಕ ನಕ್ಕಳು.

ಅಷ್ಟರಲ್ಲಿ ನಾನು ಓಟು ಹಾಕಿದ ಸೆನೆಟರ್ ಹಾಲ್ಡನ್ ಹಿತ್ತಲ ಬಾಗಿಲಿನಿಂದ ಬಂದು, ತಮ್ಮ ದನಿಗಾಗಿ ಟೋಪಿ ಕೈಯಲ್ಲಿ ಹಿಡಿದು ನಿಂತರು. ನನ್ನ ಅಮ್ಮನಿಗೆ ಡಯಾಲಿಸಿಸ್ ಮಾಡುವ ಸರ್ಕಾರಿ ಆಸ್ಪತ್ರೆಯನ್ನು ಮುಚ್ಚುವ ಮಸೂದೆ ಇವತ್ತು ಸಭೆಗೆ ಬರಲಿದೆ. ಯಜಮಾನರಿಗೆ ಆ ಜಾಗ ಬೇಕಂತೆ.

ಯಜಮಾನರು ಇನ್ನೂ ತಿಂಡಿ ತಿನ್ನುತ್ತಿದ್ದರು. ಜಾಡಿಗಳ ಕೀಲಿ ಅವರ ಜೇಬಿನಲ್ಲಿತ್ತು. ನಾನು ಮೊದಲ ಸಲ ಹಾಲ್ಡನ್ನರ ಹತ್ತಿರ ಹೋದೆ. ಅವರ ಜಾಡಿ ನನ್ನ ಕೈಯಲ್ಲೇ ಇತ್ತು.

“ಸಾರ್, ಆಸ್ಪತ್ರೆ ಮುಚ್ಚಬೇಡಿ ಅಂತ ಹೇಳಿ.”