ಕೊಕ್ಕೆಗೆ ಮರಳುವ ಬಿಲ್ಲೆ

ಇನ್ನೂರ ಹನ್ನೆರಡನೆಯ ಬಿಲ್ಲೆ ಮತ್ತೆ ಮಾಯವಾಗಿತ್ತು. ಅದೂ ಶಾಲೆಯ ಮಕ್ಕಳೆಲ್ಲ ಬಂದು ನಿಂತಿರುವಾಗ.

ಲಿನೆಟ್ ಖಾಲಿ ಕೊಕ್ಕೆಯನ್ನು ದುರುಗುಟ್ಟಿ ನೋಡುತ್ತಲೇ ಎಂದಿನ ಪಾಠ ಒಪ್ಪಿಸಿದಳು. ಗಣಿಗೆ ಇಳಿಯುವವನು ತನ್ನ ನಂಬರಿನ ಹಿತ್ತಾಳೆ ಬಿಲ್ಲೆಯನ್ನು ತೆಗೆದುಕೊಂಡು ಹೋಗುತ್ತಿದ್ದ. ಮೇಲೆ ಬಂದವನೇ ಮತ್ತೆ ತೂಗುಹಾಕುತ್ತಿದ್ದ. ಕೊಕ್ಕೆ ಖಾಲಿ ಇದ್ದರೆ ಜೊತೆಯವರು ಮನೆಗೆ ಹೋಗುತ್ತಿರಲಿಲ್ಲ.

"ಹಂಗಾದ್ರೆ ಇನ್ನೂರ ಹನ್ನೆರಡು ಇನ್ನೂ ಕೆಳಗೇ ಇದ್ದಾನಾ ಮಿಸ್?" ಎಂದಳು ಒಬ್ಬಳು ಹುಡುಗಿ.

ಮಕ್ಕಳು ಗೊಳ್ಳೆಂದು ನಕ್ಕವು. ಲಿನೆಟ್‌ಗೆ ಮೈ ಉರಿಯಿತು.

ಥಾರ್ಪ್‌ಬೆಕ್ ಊರಿನ ಕಲ್ಲಿದ್ದಲು ಗಣಿ ಮುಚ್ಚಿದ ಮೇಲೆ, ಅದರಿಂದ ಅಗೆದು ಸುರಿದ ಕಲ್ಲುಮಣ್ಣಿನ ಗುಡ್ಡಕ್ಕೆ ಹುಲ್ಲು ಹೊದಿಸಿ, ಕೊಳ ತೋಡಿ ಪಾರ್ಕು ಮಾಡಿದ್ದರು. ಅದರ ಉಸ್ತುವಾರಿಗೆಂದು ಲೀಡ್ಸ್‌ನಿಂದ ಬಂದವಳು ಅವಳು. ಗೇಟಿನ ಹೊರಬದಿಗೆ ಗಣಿಯ ಹಳೆಯ ಹಲಗೆ ನಿಲ್ಲಿಸಿ, ಬಿಲ್ಲೆಗಳನ್ನು ಉಜ್ಜಿ ತೂಗುಹಾಕಿದ್ದೂ ಅವಳೇ. ಅಷ್ಟೂ ಬಿಲ್ಲೆಗಳಲ್ಲಿ ಇದೊಂದಕ್ಕೆ ಮಾತ್ರ ಕಾಲು ಬಂದಿತ್ತು. ಮಧ್ಯಾಹ್ನ ಇರುವುದಿಲ್ಲ. ಸಂಜೆ ಅವಳು ಕೊಳದ ಕಡೆ ಒಂದು ಸುತ್ತು ಹಾಕಿ ಬರುವಷ್ಟರಲ್ಲಿ ಏನೂ ಆಗಿಲ್ಲವೆಂಬಂತೆ ಕೊಕ್ಕೆಯಲ್ಲಿರುತ್ತದೆ. ಕದಿಯುವವನು ಕದ್ದುಕೊಂಡು ಹೋಗಲಿ, ದಿನಾ ವಾಪಸ್ ತಂದಿಡುವುದೆಂದರೇನು? ಇದು ತನ್ನನ್ನು ಬೇಕೆಂದೇ ಆಟ ಆಡಿಸುವುದು. ಕೌನ್ಸಿಲ್ ಕಚೇರಿಗೆ ಫೋನು ಮಾಡಿದರೆ ಅಲ್ಲಿಯವನು ನಕ್ಕಿದ್ದ. "ವಾಪಸ್ ಬರುತ್ತಲ್ಲ ಮೇಡಂ, ಮತ್ತೇನು ತೊಂದರೆ?"

ಅವಳ ಅನುಮಾನವೆಲ್ಲ ಗೇಟಿನ ಹೊರಗಿನ ಬೆಂಚಿನ ಮೇಲೆ ಕೂರುವ ಆರ್ನಲ್ಡ್ ಮೇಲೆ. ಹಳೆಯ ಗಣಿ ಕಾರ್ಮಿಕ, ಮಹಾ ಸಿಡುಕ. ಮಧ್ಯಾಹ್ನ ಊಟ ಮುಗಿಸಿ ಬಂದು ಕೂತರೆ ಮಳೆಯಾಗಲಿ ಹಿಮವಾಗಲಿ ಜಪ್ಪಯ್ಯ ಎಂದರೂ ಏಳುವ ಆಸಾಮಿಯಲ್ಲ. ಗೇಟಿನೊಳಗೆ ಮಾತ್ರ ಒಂದು ಹೆಜ್ಜೆ ಇಟ್ಟವನಲ್ಲ. "ಆ ಗುಡ್ಡನ ನೆಲದೊಳಗಿಂದ ಅಗೆದು ಹಾಕಿದೋನೇ ನಾನು, ಹತ್ತಿ ಏನು ನೋಡ್ಲಿ?" ಎನ್ನುತ್ತಿದ್ದ. ಅವಳು ಬೀಗ ಹಿಡಿದು ಬಂದಾಗ ಒಮ್ಮೆ ಹಲಗೆಯ ಕಡೆ ನೋಡಿ, ಏನೋ ಗೊಣಗಿ, ಆಮೇಲೆ ಏಳುತ್ತಿದ್ದ.

ಮಕ್ಕಳು ಹೋದದ್ದೇ ತಡ, ಲಿನೆಟ್ ನೇರವಾಗಿ ಬೆಂಚಿನ ಮುಂದೆ ಹೋಗಿ ನಿಂತಳು. "ನಿಜ ಹೇಳಿ ಆರ್ನಲ್ಡ್, ಆ ಬಿಲ್ಲೆ ತೆಗೆಯೋದು ನೀವೇ ತಾನೆ?"

"ಇನ್ನೂರ ಹನ್ನೆರಡನ್ನಾ? ಇಕ್ಕಳದಲ್ಲೂ ಮುಟ್ಟಲ್ಲ ಕಣಮ್ಮ."

"ಮತ್ತೆ ಯಾವಾಗ ನೋಡಿದ್ರೂ ಅದರ ಮೇಲೇ ಕಣ್ಣು?"

"ಕಣ್ಣು ನಂದು. ಎಲ್ಲಿ ಬೇಕಾದ್ರೂ ಇಡ್ತೀನಿ."

ಇಂಥವನ ಹತ್ತಿರ ಏನು ಮಾತು!

ಸಿರಿಲ್ ಆದರೆ ಬಂಗಾರದಂಥ ಮನುಷ್ಯ. ಅವನೂ ಗಣಿಯವನೇ. ದೂಳು ತಿಂದ ಎದೆ, ನಾಲ್ಕು ಹೆಜ್ಜೆಗೊಮ್ಮೆ ಕೆಮ್ಮು. ಆದರೂ ದಿನಾ ಗುಡ್ಡ ಹತ್ತಿ ಇಳಿಯುತ್ತಿದ್ದ, ಅವಳನ್ನು ಕಂಡರೆ ಟೋಪಿ ಎತ್ತುತ್ತಿದ್ದ. ಸಂಜೆ ಅವನು ಗೇಟು ದಾಟುವಾಗ ಆರ್ನಲ್ಡ್ ಮುಖ ತಿರುಗಿಸಿ ನೆಲಕ್ಕೆ ಉಗಿಯುತ್ತಿದ್ದ. ದೊಡ್ಡ ಮುಷ್ಕರದಲ್ಲಿ ಊರಿಗೆ ಊರೇ ಹೊಟ್ಟೆ ಕಟ್ಟಿ ಕೂತಿದ್ದಾಗ ಸಿರಿಲ್ ಪೊಲೀಸರ ಕಾವಲಲ್ಲಿ ಕೆಲಸಕ್ಕೆ ಹೋದನಂತೆ. ಅದಾಗಿ ನಲವತ್ತು ವರ್ಷ. ಇಬ್ಬರದೂ ಎದುರುಬದುರು ಮನೆ. ಆರ್ನಲ್ಡ್ ಅವನ ಹೆಸರನ್ನೂ ಬಾಯಲ್ಲಿ ತರುತ್ತಿರಲಿಲ್ಲ.

"ಆರ್ನಲ್ಡ್ ಇಲ್ಲಿ ಬಂದು ಕೂರದ ಹಾಗೆ ಮಾಡ್ಲಾ?" ಎಂದು ಲಿನೆಟ್ ಕೇಳಿದ್ದಕ್ಕೆ ಸಿರಿಲ್ ಗಾಬರಿಯಾಗಿದ್ದ. "ಬೇಡ ತಾಯಿ. ಕೂತ್ಕೊಳ್ಲಿ ಬಿಡು, ನಿನಗೇನು ನಷ್ಟ?" ಎಷ್ಟು ದೊಡ್ಡ ಮನಸ್ಸು ಎಂದುಕೊಂಡಿದ್ದಳು.

ಮರುದಿನ ಬೆಳಿಗ್ಗೆ ಅವಳು ಬಿಲ್ಲೆಯ ಬೆನ್ನಿಗೆ ಗಟ್ಟಿ ಅಂಟು ಬಳಿದು ಹಲಗೆಗೆ ಒತ್ತಿದಳು. ಎಳೆದು ನೋಡಿದಳು. ಅಲ್ಲಾಡಲಿಲ್ಲ. ಈಗ ಬಾ ಮುದುಕಾ, ಎಂದುಕೊಂಡು ಕೊಳದ ಕಡೆ ಹೋದಳು. ಆ ಚಳಿಗಾಲದಲ್ಲೇ ಕೊರೆಯುವ ದಿನ ಅದು. ನೀರು ಹೆಪ್ಪುಗಟ್ಟಿತ್ತು, ಎಚ್ಚರಿಕೆಯ ಫಲಕಗಳನ್ನು ನೆಡುವುದರಲ್ಲೇ ಮಧ್ಯಾಹ್ನವಾಯಿತು.

ಅವಳು ಗೇಟಿಗೆ ಮರಳುವ ಹೊತ್ತಿಗೆ ಆರ್ನಲ್ಡ್ ಬಂದ. ಬೆಂಚಿನ ಹತ್ತಿರ ನಿಂತು ಹಲಗೆಯತ್ತ ಕಣ್ಣು ಕಿರಿದು ಮಾಡಿ ನೋಡಿದ. ಬಿಲ್ಲೆ ತನ್ನ ಜಾಗದಲ್ಲೇ ಹೊಳೆಯುತ್ತಿತ್ತು. ಅವನು ಕೂರಲೇ ಇಲ್ಲ. ಕೈಗಳನ್ನು ಜೇಬಿಗೆ ತುರುಕಿ ಮನೆಯ ದಾರಿ ಹಿಡಿದ. ಲಿನೆಟ್‌ಗೆ ಕುಣಿಯಬೇಕೆನಿಸಿತು. ಅಂದು ಬೇಗನೆ ಬೀಗ ಹಾಕಿ, ಗೇಟಿನ ಪಕ್ಕದ ತನ್ನ ಮನೆಗೆ ಹೋಗಿ ಚಹಾಕ್ಕೆ ನೀರಿಟ್ಟಳು.

ಚಹಾ ಮುಗಿಯುವ ಮೊದಲೇ ಬಾಗಿಲು ಮುರಿದುಹೋಗುವ ಹಾಗೆ ಬಡಿತ. ಆರ್ನಲ್ಡ್ ಏದುಸಿರು ಬಿಡುತ್ತಾ ನಿಂತಿದ್ದ.

"ಬಿಲ್ಲೆ ಕೊಕ್ಕೆಯಲ್ಲೇ ಇದೆ. ಅವನ ಮನೇಲಿ ದೀಪ ಹತ್ತಿಲ್ಲ."

"ಯಾರ ಮನೇಲಿ?"

"ಅದೇ, ಸಿರಿಲ್ ಮನೇಲಿ! ಅದು ಅವನ ನಂಬರು. ದಿನಾ ಒಳಗೆ ಹೋಗೋವಾಗ ಬಿಲ್ಲೆ ತಗೊಂಡು ಹೋಗೋನು, ಬಂದು ಹಾಕೋನು. ಇವತ್ತು ತಗೊಂಡೇ ಇಲ್ಲ. ಹಂಗಾದ್ರೆ ಎಲ್ಲಿಗೆ ಹೋದ?"

ಲಿನೆಟ್ ಬೀಗದ ಕೈಯನ್ನೂ ಟಾರ್ಚನ್ನೂ ಎತ್ತಿಕೊಂಡಳು. ಅದೇ ಪಾಠವನ್ನು ಎಷ್ಟು ಮಕ್ಕಳಿಗೆ ಹೇಳಿದ್ದಳು ತಾನು! "ಅದನ್ನ... ನಾನೇ ಅಂಟಿಸಿಬಿಟ್ಟೆ."

ಆರ್ನಲ್ಡ್ ಆಗಲೇ ಗೇಟಿನ ಕಡೆ ಓಡಿದ್ದ. ಅವಳು ಬೀಗ ತೆಗೆದದ್ದೇ, ಅವಳ ಕೈಯ ಟಾರ್ಚು ಕಿತ್ತುಕೊಂಡು ಗೇಟಿನೊಳಗೆ ನುಗ್ಗಿದ. ಗುಡ್ಡದ ದಾರಿಯುದ್ದಕ್ಕೂ ಆ ಹೆಸರನ್ನೇ ಕೂಗಿದ. ಮೇಲಿಂದ ಕೊನೆಗೊಂದು ಕೆಮ್ಮು ಕೇಳಿಸಿತು.

ಸಿರಿಲ್ ಕಾಲು ಉಳುಕಿಸಿಕೊಂಡು ಬೇಲಿಗೆ ಒರಗಿ ಕೂತಿದ್ದ. ತುಟಿ ನೀಲಿಗಟ್ಟಿತ್ತು. ಆರ್ನಲ್ಡ್ ತನ್ನ ಕೋಟು ಬಿಚ್ಚಿ ಅವನಿಗೆ ಸುತ್ತುತ್ತಾ ಸಿಡಿದುಬಿದ್ದ. "ನಮ್ಮವ್ವ ನಿನ್ನ ಹೆತ್ತಾಗ ಬುದ್ಧಿ ಹಾಕೋದೇ ಮರೆತಳು! ಬಿಲ್ಲೆ ಕೈಗೆ ಬರಲಿಲ್ಲ ಅಂದ್ಮೇಲೆ ತಿರುಗಿ ಹೋಗಬಾರದಾ? ಯಾಕೆ ಹತ್ತಿದೆ?"

"ಬಹಳ ಚಳಿ ಇತ್ತಲ್ಲ ಅಣ್ಣಾ... ಬಿಲ್ಲೆ ಅಲ್ಲೇ ಇದ್ರೆ, ಇವತ್ತೊಂದಿನ ನೀನು ನನಗೆ ಕಾಯದೆ ಬೇಗ ಮನೆಗೆ ಹೋಗ್ತೀಯ ಅಂತ."